ಊರಿನ ವೋಟು ಬೆಂಗಳೂರಿಗೆ ತರೋದಾ, ಅಲ್ಲೇ ಬಿಡೋದಾ? ಮಾಡಿದವರು ಹೇಳಿ

ರಾಣೆಬೆನ್ನೂರಿನವ: ನನ್ನ ಹೆಸರು ಇರೋದು ರಾಣೆಬೆನ್ನೂರು ಕ್ಷೇತ್ರದ ಪಟ್ಟಿಯಲ್ಲಿ. ನಾಲ್ಕು ವರ್ಷದಿಂದ ವಿಜಯನಗರದಲ್ಲಿ ಬಾಡಿಗೆಗಿದ್ದೀನಿ. ಕರಾರು ಹನ್ನೊಂದು ತಿಂಗಳಿನದು, ಕರೆಂಟ್ ಬಿಲ್ ಓನರ್ ಹೆಸರಲ್ಲಿ, ಆಧಾರ್‌ನಲ್ಲಿ ಊರಿನ ವಿಳಾಸ. ಏನು ಮಾಡಲಿ? ಡಿಗ್ರಿ ಆಗಿದೆ, ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಬಗ್ಗೆಯೂ ತಿಳಿಸಿ.

ಮಾಗಡಿ ರೋಡ್ ಅಕ್ಕ: ಫಾರಂ 6 ಮುಟ್ಟಲೇಬೇಡಿ. 2022ರ ಆಗಸ್ಟ್‌ಗಿಂತ ಮುಂಚೆ ಕ್ಷೇತ್ರ ಬದಲಾದರೆ ಅದನ್ನೇ ತುಂಬಬೇಕಿತ್ತು, ಸೈಬರ್ ಸೆಂಟರ್‌ನವರು ಈಗಲೂ ಅದನ್ನೇ ತುಂಬಿಕೊಡ್ತಾರೆ. ಈಗ ಅದು ಮೊದಲ ಸಲ ಸೇರುವವರಿಗೆ ಮಾತ್ರ. ಬೇರೆಲ್ಲೂ ನನ್ನ ಹೆಸರಿಲ್ಲ ಅಂತ ಅದರಲ್ಲಿ ಸಹಿ ಹಾಕಬೇಕು. ಇದ್ದೂ ಹಾಕಿದರೆ ಸುಳ್ಳು ಘೋಷಣೆ: 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 31ರಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ.

ನಿಮಗೆ ಬೇಕಾದದ್ದು ಫಾರಂ 8. ಅದರಲ್ಲಿ ನಾಲ್ಕು ಆಯ್ಕೆ ಇವೆ: ವಾಸಸ್ಥಳ ಬದಲಾವಣೆ, ತಿದ್ದುಪಡಿ, ಬದಲಿ ಕಾರ್ಡ್, ಅಂಗವಿಕಲತೆ ನಮೂದು. ಮೊದಲನೆಯದಕ್ಕೆ ಟಿಕ್ ಹಾಕಿ, ‘ಕ್ಷೇತ್ರದ ಹೊರಗೆ’ ಅಂತ ಆರಿಸಿ. ‘ಕ್ಷೇತ್ರದೊಳಗೆ’ ಅಂತ ಒತ್ತಿದರೆ ಅರ್ಜಿ ರಾಣೆಬೆನ್ನೂರಿಗೇ ಹೋಗಿ ಅಲ್ಲೇ ತಿರಸ್ಕಾರ ಆಗುತ್ತೆ. ಎಪಿಕ್ (ವೋಟರ್ ಕಾರ್ಡ್) ನಂಬರ್ ಅದೇ ಇರುತ್ತೆ, ಹಳೇ ಪಟ್ಟಿಯಿಂದ ಹೆಸರು ತಾನೇ ಹೋಗುತ್ತೆ, ಶುಲ್ಕ ಇಲ್ಲ.

ಕಷ್ಟ ಇರೋದು ವಿಳಾಸದ ದಾಖಲೆಯಲ್ಲಿ. ಬಾಡಿಗೆ ಕರಾರು ನೋಂದಣಿ ಆಗಿರಬೇಕು, ಛಾಪಾ ಕಾಗದದ ಹನ್ನೊಂದು ತಿಂಗಳಿನದು ನಡೆಯಲ್ಲ. ಓನರ್ ಹೆಸರಿನ ಬಿಲ್ಲೂ ಆಗಲ್ಲ. ಬ್ಯಾಂಕ್ ಪಾಸ್‌ಬುಕ್ ಅಥವಾ ಆಧಾರ್‌ನಲ್ಲಿ ಮೊದಲು ವಿಳಾಸ ಬದಲಿಸಿ, ಆಮೇಲೆ ಫಾರಂ ಹಾಕಿ. ಯಾವುದೂ ಇಲ್ಲದಿದ್ದರೆ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಮನೆಗೆ ಬಂದು ನೋಡಲೇಬೇಕು. ಹಗಲು ಮನೆಗೆ ಬೀಗ ಇದ್ದರೆ ಅರ್ಜಿ ಬಿದ್ದುಹೋಗುತ್ತೆ. ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಬಿಎಲ್‌ಒ ಯಾರು ಅಂತ 1950 ಸಹಾಯವಾಣಿಗೆ ಕರೆ ಮಾಡಿ ಕೇಳಿ.

ವರದಾ ದಂಡೆ: ಅಷ್ಟು ಒದ್ದಾಟ ಯಾಕ್ರಿ? ಅಲ್ಲೇ ಇಡ್ರಿ. ಅದೇ 1950ರ ಕಾಯ್ದೆ ಕಲಂ 20ರಲ್ಲಿ ತಾತ್ಕಾಲಿಕವಾಗಿ ಹೊರಗಿದ್ದವನ ವಾಸ ಹೋಗೂದಿಲ್ಲ ಅಂತ ಐತಿ. ಹೆಸರು ತೆಗದ್ರ ಗ್ರಾಮ ಪಂಚಾಯ್ತಿ ವೋಟೂ ಹೋಗತೈತಿ, ಯಾಕಂದ್ರ ಆ ಪಟ್ಟಿ ಮಾಡೂದು ವಿಧಾನಸಭೆ ಪಟ್ಟಿ ಇಟ್ಕೊಂಡೇ. ಬೆಂಗಳೂರಾಗ ಏನ್ ಸಿಗತೈತಿ? ಬಿಬಿಎಂಪಿಗೆ 2015ರ ಆಗಸ್ಟ್‌ನಾಗ ಮತದಾನ ಆತು, 2020ರ ಸೆಪ್ಟೆಂಬರ್‌ಗೆ ಅವಧಿ ಮುಗೀತು, ಆಮ್ಯಾಲ ವರ್ಷಗಟ್ಟಲೆ ಕೌನ್ಸಿಲರ್ರೇ ಇರಲಿಲ್ಲ.

ಕಲಂ ಓದಿದವ: ವರದಾ ದಂಡೆಯವರೇ, ಅದೇ ಕಲಂನ ಮೊದಲ ಸಾಲನ್ನೂ ಓದಿ. ಒಂದೂರಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿನ ಸಾಮಾನ್ಯ ನಿವಾಸಿ ಆಗಲ್ಲ. ನಾಲ್ಕು ವರ್ಷ ಸಂಸಾರ ಹೂಡಿದ್ದು ತಾತ್ಕಾಲಿಕವೇ? ಅದೇ ಕ್ಷೇತ್ರದ ಯಾವ ಮತದಾರ ಬೇಕಾದರೂ ಫಾರಂ 7 ಹಾಕಿ ಆಕ್ಷೇಪಿಸಬಹುದು. ನೋಟಿಸ್ ಹೋಗೋದು ಊರಿನ ಮನೆಗೆ. ಉತ್ತರ ಕೊಡದಿದ್ದರೆ ಹೆಸರು ಕಟ್. ಮೇಲ್ಮನವಿ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ಮತದಾನದ ದಿನ ಬೂತಲ್ಲಿ ಎಪಿಕ್ ತೋರಿಸಿ ಎಷ್ಟು ವಾದ ಮಾಡಿದರೂ ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ವೋಟಿಲ್ಲ.

ವರದಾ ದಂಡೆ: ಹೆದರಸಬ್ಯಾಡ್ರಿ. ಊರಾಗ ಹೊಲ ನಮ್ಮದು, ರೇಷನ್ ಕಾರ್ಡ್ ಅಲ್ಲೇ, ಅವ್ವ ಅಪ್ಪ ಅಲ್ಲೇ. ಹಬ್ಬಕ್ಕ, ಬಿತ್ತಿಗೆಗೆ ಹೋಗಿ ಬರೂದು ತಪ್ಪಿಲ್ಲ. ನೋಟಿಸ್ ಬಂದ್ರ ಮನ್ಯಾಗಿದ್ದವರು ಹೇಳ್ತಾರ.

ಕಲಂ ಓದಿದವ: ಹೊಲ, ರೇಷನ್ ಕಾರ್ಡ್ ಯಾವುದೂ ಅರ್ಹತೆ ಅಲ್ಲ. ಇದನ್ನು ಎಷ್ಟು ಸಲ ಹೇಳಬೇಕು?

ಮಾಗಡಿ ರೋಡ್ ಅಕ್ಕ: ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಹೋಗಲಿಕ್ಕೆ ಮುನ್ನೂರು ಕಿಲೋಮೀಟರ್, ಬರಲಿಕ್ಕೆ ಮುನ್ನೂರು, ಎರಡು ರಾತ್ರಿ ಬಸ್ಸಲ್ಲಿ. 2023ರ ವಿಧಾನಸಭೆ ಮತದಾನ ಮೇ 10, ಬುಧವಾರ. 2024ರ ಲೋಕಸಭೆಗೆ ಬೆಂಗಳೂರಲ್ಲಿ ಏಪ್ರಿಲ್ 26, ರಾಣೆಬೆನ್ನೂರು ಸೇರುವ ಹಾವೇರಿಗೆ ಮೇ 7 ಮಂಗಳವಾರ. ಇಲ್ಲಿಯ ಕಂಪನಿಗಳು 26ಕ್ಕೆ ರಜೆ ಕೊಟ್ಟವು, ಮೇ 7ಕ್ಕೆ ಕೇಳಿದರೆ ಸಿಎಲ್ (ಸ್ವಂತ ಸಾಂದರ್ಭಿಕ ರಜೆ) ಹಾಕು ಅಂದವು.

ಎಚ್‌ಆರ್ ಕೆಲಸದವ: ಮೇಡಂ, ಹಾಗೆ ಅನ್ನೋ ಅಧಿಕಾರ ಅವರಿಗಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 135ಬಿ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ, ದಿನಗೂಲಿಯವರಿಗೂ. ಬೇರೆ ಕ್ಷೇತ್ರದ ಮತದಾರನಾದರೆ ಆ ಕ್ಷೇತ್ರದ ಮತದಾನದ ದಿನಕ್ಕೆ. ಎಪಿಕ್ ಪ್ರತಿ ಲಗತ್ತಿಸಿ ಮೇಲ್ ಹಾಕಿ, ಬಾಯಲ್ಲಿ ಕೇಳಬೇಡಿ. ಗೈರಾದರೆ ಅಪಾಯ ಅಥವಾ ಭಾರಿ ನಷ್ಟ ಆಗುವ ಕೆಲಸಕ್ಕೆ ಮಾತ್ರ ವಿನಾಯಿತಿ.

ಮಾಗಡಿ ರೋಡ್ ಅಕ್ಕ: ದಂಡ ಐನೂರು ರೂಪಾಯಿಯವರೆಗೆ ಅಷ್ಟೇ ಅನ್ನೋದನ್ನೂ ಹೇಳಿ. ಅದಕ್ಕೆ ಯಾವ ಕಂಪನಿ ಬಗ್ಗುತ್ತೆ?

ಫಾರಂ 18: ಪದವೀಧರ ಕ್ಷೇತ್ರದ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. ಆ ಪಟ್ಟಿ ಬೇರೆ, ಫಾರಂ 8 ಅದಕ್ಕೆ ಅನ್ವಯಿಸಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ಪಟ್ಟಿ ಮಾಡ್ತಾರೆ, ಕಳೆದ ಸಲ ವೋಟು ಹಾಕಿದವರೂ ಮತ್ತೆ ಫಾರಂ 18 ಕೊಡಬೇಕು. ಅರ್ಹತಾ ದಿನ ನವೆಂಬರ್ 1, ಅದಕ್ಕೆ ಕನಿಷ್ಠ ಮೂರು ವರ್ಷ ಮೊದಲು ಡಿಗ್ರಿ ಆಗಿರಬೇಕು, ದೃಢೀಕರಿಸಿದ ಪ್ರತಿ ಬೇಕು. ಹಾವೇರಿ ಬರೋದು ಕರ್ನಾಟಕ ಪಶ್ಚಿಮ ಪದವೀಧರ ಕ್ಷೇತ್ರಕ್ಕೆ. ಅಲ್ಲಿ 2020ರ ಅಕ್ಟೋಬರ್ 28ರಂದು ಮತದಾನ ಆಗಿದೆ. ಬೆಂಗಳೂರು ಪದವೀಧರಕ್ಕೆ 2024ರ ಜೂನ್ 3. ಅವಧಿ ಆರು ವರ್ಷ. ಇಲ್ಲಿನ ನಿವಾಸಿಯಾದರೆ ಮುಂದಿನ ಸರದಿ 2030.

ಹಾಕುವಾಗ ನೆನಪಿಡಿ: ಇವಿಎಂ ಇಲ್ಲ, ಮತಪತ್ರ. ಅವರೇ ಕೊಡುವ ನೇರಳೆ ಶಾಯಿಯ ಪೆನ್ನಿಂದ ಹೆಸರಿನ ಎದುರಿನ ಚೌಕದಲ್ಲಿ 1 ಅಂತ ಅಂಕಿ. ಟಿಕ್ ಹಾಕಿದರೆ, ‘ಒಂದು’ ಅಂತ ಅಕ್ಷರದಲ್ಲಿ ಬರೆದರೆ, ಜೇಬಿನ ಪೆನ್ ತೆಗೆದರೆ ಮತ ಅಸಿಂಧು. ಡಿಗ್ರಿ ಓದಿದವರೇ ಇದರಲ್ಲಿ ಸೋಲ್ತಾರೆ.

ವರದಾ ದಂಡೆ: ನೋಡ್ರಿ, ಊರ ಬಿಟ್ಟ್ರ ಪಶ್ಚಿಮದ ವೋಟೂ ಹೋತು.

ಕಲಂ ಓದಿದವ: ಪದವೀಧರ ಕ್ಷೇತ್ರಕ್ಕೂ ವಾಸ ಅಲ್ಲೇ ಇರಬೇಕು ಸ್ವಾಮಿ! ಎರಡೂ ಕಡೆ ಬೇಕು ಅಂದರೆ ಹೇಗೆ?

ಮಾಗಡಿ ರೋಡ್ ಅಕ್ಕ: ಜಗಳ ಆಮೇಲೆ. ರಾಣೆಬೆನ್ನೂರಿನವರೇ, ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ. ನಾಮಪತ್ರದ ಕೊನೇ ದಿನ ಮುಗಿದ ಮೇಲೆ ಪಟ್ಟಿ ಮುಟ್ಟುವ ಹಾಗಿಲ್ಲ. 2023ರಲ್ಲಿ ಅದು ಏಪ್ರಿಲ್ 20. ಆಕ್ಷೇಪಣೆಗೆ ಏಳು ದಿನ ಬಿಡಲೇಬೇಕು, ಹಾಗಾಗಿ ಸುಮಾರು ಹತ್ತು ದಿನ ಮೊದಲೇ ಅರ್ಜಿ ಒಳಗಿರಬೇಕು. ಈ ವಾರವೇ ಪಾಸ್‌ಬುಕ್ ವಿಳಾಸ ಬದಲಿಸಿ.

ರಾಣೆಬೆನ್ನೂರಿನವ: ಪಾಸ್‌ಬುಕ್‌ಗೆ ಬ್ಯಾಂಕಿನವರು ಆಧಾರ್ ವಿಳಾಸ ಕೇಳ್ತಿದ್ದಾರೆ ಅಕ್ಕ.

ಮಾಗಡಿ ರೋಡ್ ಅಕ್ಕ: ಹಾಗಾದರೆ ಆಧಾರ್ ಮೊದಲು. ಅದೂ ತಡವಾದರೆ ದಾಖಲೆ ಕಾಲಂನಲ್ಲಿ ‘ಇತರೆ’ ಅಂತ ಹಾಕಿ ಬಿಎಲ್‌ಒ ಪರಿಶೀಲನೆ ಕೇಳಿ, ಫೋನ್ ಮಾಡಿ ಭಾನುವಾರಕ್ಕೆ ಕರೆಸಿ.