ಸ್ಟ್ಯಾಂಪ್ ತಿಂದವನಿಗೆ ನಿಂಬೆರಸ ಕುಡಿಸಿದ್ದು ಸರಿಯೇ?

ವಿದ್ಯಾನಗರದವ, ದಾವಣಗೆರೆ

ಇಲ್ಲಿಯೇ ಹಾಸ್ಟೆಲಿನಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗನನ್ನು ಕಳೆದ ಶನಿವಾರ ರಾತ್ರಿ ಗೆಳೆಯರು ಮನೆಗೆ ತಂದು ಬಿಟ್ಟಾಗ ಅವನ ಕಣ್ಣಿನ ಪಾಪೆಗಳು ಅಗಲವಾಗಿದ್ದವು, ಅಂಗಿ ಬೆವರಿನಿಂದ ತೊಯ್ದಿತ್ತು. ನೆಲದ ಟೈಲ್ಸ್ ಉಸಿರಾಡುತ್ತಿವೆ ಎನ್ನುತ್ತಾ ಅವುಗಳ ಸಂದಿಯಲ್ಲಿ ಬೆರಳಾಡಿಸುತ್ತಾ ಕುಳಿತಿದ್ದ. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಎಂಬ ಮಾದಕವಸ್ತು ಹೀರಿದ ಕಾಗದದ ಚೂರು, ಅಂದರೆ ಸ್ಟ್ಯಾಂಪ್, ತಿಂದಿದ್ದಾನೆ ಎಂದು ಗೆಳೆಯನೊಬ್ಬ ಒಪ್ಪಿಕೊಂಡ. ಪೊಲೀಸರ ಭಯಕ್ಕೆ ಆಸ್ಪತ್ರೆಗೆ ಒಯ್ಯದೆ, ನಿಂಬೆರಸ ಕುಡಿಸಿ, ಕೋಣೆಯಲ್ಲಿ ಕೂಡಿ ಚಿಲಕ ಹಾಕಿದೆವು. ಬೆಳಗಿನ ಹೊತ್ತಿಗೆ ಸರಿಹೋದ. ಇದಕ್ಕೆ ಸರಿಯಾದ ಚಿಕಿತ್ಸೆ ಯಾವುದು?

ನಿವೃತ್ತ ವೈದ್ಯ, ಚಿತ್ರದುರ್ಗ

ನಿಂಬೆರಸದಿಂದ ಏನೂ ಆಗಿಲ್ಲ, ಹೊತ್ತು ಕಳೆದು ತಾನಾಗಿಯೇ ಇಳಿದಿದೆ. ಎಲ್‌ಎಸ್‌ಡಿಯ ಪರಿಣಾಮ ಸಾಮಾನ್ಯವಾಗಿ 8ರಿಂದ 12 ಗಂಟೆ ಇರುತ್ತದೆ. ಅದನ್ನು ಇಳಿಸುವ ಪ್ರತಿವಿಷವಿಲ್ಲ. ಮಂದ ಬೆಳಕು, ಸದ್ದಿಲ್ಲದ ಕೋಣೆ, ಪಕ್ಕದಲ್ಲಿ ಮೆಲ್ಲಗೆ ಮಾತನಾಡುವ ಪರಿಚಿತರೊಬ್ಬರು, ಇಷ್ಟೇ ಅರ್ಧ ಚಿಕಿತ್ಸೆ. ಆದ್ದರಿಂದ ತಾವು ಮಾಡಿದ ತಪ್ಪು ನಿಂಬೆರಸವಲ್ಲ, ಚಿಲಕ. ಒಂಟಿಯಾಗಿ ಬಿಟ್ಟರೆ ಭಯ ಏರುತ್ತದೆ, ಕಿಟಕಿಯನ್ನು ಬಾಗಿಲೆಂದು ತಿಳಿಯುವವರೂ ಉಂಟು. ಉದ್ವೇಗ ಹಿಡಿತಕ್ಕೆ ಬರದಿದ್ದರೆ ಆಸ್ಪತ್ರೆಯಲ್ಲಿ ಡಯಾಜೆಪಾಮ್ ಅಥವಾ ಲೊರಾಜೆಪಾಮ್ ಕೊಡುತ್ತಾರೆ. ಮೈ ಕಾದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಒಂದು ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಬೇಕು. ಏಕೆಂದರೆ ಸ್ಟ್ಯಾಂಪಿನಲ್ಲಿ ಇರುವುದು ಎಲ್‌ಎಸ್‌ಡಿಯೇ ಎಂಬ ಖಾತರಿಯಿಲ್ಲ. ಅದೇ ಹೆಸರಿನಲ್ಲಿ ಮಾರಾಟವಾಗುವ ಎನ್‌ಬಿಒಎಂಇ ಗುಂಪಿನ ರಾಸಾಯನಿಕಗಳು ಜೀವ ತೆಗೆದದ್ದಿದೆ.

ಶುಶ್ರೂಷಕಿ, ಚಳ್ಳಕೆರೆ

ನಾನು ಕಂಡದ್ದು ಸ್ಟ್ಯಾಂಪಿಗಿಂತ ಮದಗುಣಿಕೆ (ದತ್ತೂರಿ) ಬೀಜ ತಿಂದವರನ್ನೇ ಹೆಚ್ಚು. ಅದರಲ್ಲಿ ಬೆವರುವುದಿಲ್ಲ: ಮೈ ಒಣಗಿ ಕಾದಿರುತ್ತದೆ, ನಾಲಿಗೆ ಅಂಗುಳಕ್ಕೆ ಅಂಟುತ್ತದೆ, ಮೂತ್ರ ಕಟ್ಟುತ್ತದೆ. ಒಬ್ಬ ಹುಡುಗ ರಾತ್ರಿಯಿಡೀ ಹಾಸಿಗೆಯ ಹೊದಿಕೆಯಿಂದ ಶೇಂಗಾ ಬಿಡಿಸುತ್ತಲೇ ಇದ್ದ, ಬಿಡಿಸಿದ ಕಾಯನ್ನು ನನ್ನ ಕೈಗೂ ಕೊಟ್ಟ. ಇದು ಒಂದೆರಡು ದಿನ ಎಳೆಯಬಹುದು. ಫೈಸೋಸ್ಟಿಗ್ಮೀನ್ ಎಂಬ ಪ್ರತಿವಿಷವಿದ್ದರೂ ಎಲ್ಲ ಕಡೆ ಸಿಗುವುದಿಲ್ಲ. ಮೈ ತಣ್ಣಗಿರಿಸುವುದು, ಸಲೈನ್, ಮೂತ್ರಕ್ಕೆ ನಳಿಕೆ, ಹೃದಯ ಬಡಿತದ ಮೇಲೆ ನಿಗಾ, ಇವೇ ಆಧಾರ. ಮನೆಯಲ್ಲಿ ಇಟ್ಟುಕೊಳ್ಳುವ ಸ್ಥಿತಿ ಇದಲ್ಲ.

ವಿದ್ಯಾನಗರದವ

ಇಬ್ಬರಿಗೂ ವಂದನೆಗಳು. ಪೊಲೀಸರ ವಿಷಯ ಹೇಗೆ? ಟ್ಯೂಬ್‌ಲೈಟ್ ಸುತ್ತ ಈಗಲೂ ಬಣ್ಣದ ಗೆರೆಗಳು ಕಾಣುತ್ತವೆ ಎನ್ನುತ್ತಾನೆ.

ನಿವೃತ್ತ ವೈದ್ಯ, ಚಿತ್ರದುರ್ಗ

ಆಸ್ಪತ್ರೆಯವರು ಮೆಡಿಕೋ-ಲೀಗಲ್, ಅಂದರೆ ಪೊಲೀಸರಿಗೆ ತಿಳಿಸುವ ಪ್ರಕರಣವೆಂದು ಬರೆದುಕೊಳ್ಳಬಹುದು. ಆದರೆ ಆ ಕಾರಣಕ್ಕೆ ತುರ್ತು ಚಿಕಿತ್ಸೆಯನ್ನು ತಡೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಹೇಳಿದೆ. ವ್ಯಸನಿಯಾದವನು ತಾನಾಗಿ ಚಿಕಿತ್ಸೆಗೆ ಬಂದರೆ, ಸೇವನೆಯ ಆರೋಪದಿಂದ ರಕ್ಷಣೆ ನೀಡುವ ಕಲಂ 64ಎ ಕೂಡ ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿದೆ. ಬಣ್ಣದ ಗೆರೆಗಳು ಕೆಲವರಲ್ಲಿ ವಾರಗಟ್ಟಲೆ ಉಳಿಯುತ್ತವೆ, ಗಾಂಜಾ ಸೇದಿದರೆ ಹೆಚ್ಚುತ್ತವೆ. ಮನೋವೈದ್ಯರಿಗೆ ತೋರಿಸಿ; ಒಳಗೆ ಹೋಗುವಾಗ ಅವನ ಜೊತೆ ತಾವೊಬ್ಬರೇ ಇರಿ, ಅಕ್ಕ ಹೊರಗೆ ಕುಳಿತಿರಲಿ. ತಾಯಿಯ ಎದುರು ಹುಡುಗರು ಎಷ್ಟು ಸಲ ತೆಗೆದುಕೊಂಡೆವೆಂದು ಹೇಳುವುದಿಲ್ಲ.