ಸರ್ಕಾರದ ಬಳಿಯೇ ಇರುವ ದಾಖಲೆಯನ್ನು ಜನರಿಂದ ಮತ್ತೆ ಕೇಳಬೇಕೇ?

ತುಂಗಾತೀರ

ನಮ್ಮ ರಾಜ್ಯದಲ್ಲಿ ಕಂದಾಯ ದಾಖಲೆಗಳು ಗಣಕಯಂತ್ರಕ್ಕೆ ಏರಲು ಆರಂಭಿಸಿ ಕಾಲು ಶತಮಾನ ಕಳೆದಿದೆ. ಪಹಣಿಗೆ ‘ಭೂಮಿ’ ಬಂತು, ನೋಂದಣಿಗೆ ‘ಕಾವೇರಿ’ ಬಂತು, ಸೇವೆಗಳನ್ನು ನಿಗದಿತ ಅವಧಿಯಲ್ಲಿ ಕೊಡಿಸುವ ‘ಸಕಾಲ’ಕ್ಕೆ 2012ರ ಏಪ್ರಿಲ್ 2ರಂದು ಚಾಲನೆ ಸಿಕ್ಕಿತು, ಆಮೇಲೆ ಆನ್‌ಲೈನ್ ಅರ್ಜಿಗಳಿಗೆ ‘ಸೇವಾ ಸಿಂಧು’ ಬಂತು. ಇಷ್ಟಾದರೂ ಒಂದು ಇಲಾಖೆ ಕೊಟ್ಟ ಪ್ರಮಾಣಪತ್ರವನ್ನು ಮುದ್ರಿಸಿ, ಜೆರಾಕ್ಸ್ ತೆಗೆಸಿ, ಸ್ಕ್ಯಾನ್ ಮಾಡಿಸಿ, ಅದೇ ಸರ್ಕಾರದ ಇನ್ನೊಂದು ಇಲಾಖೆಯ ಜಾಲತಾಣಕ್ಕೆ ಏರಿಸುವ ಕೆಲಸ ಜನರ ಹೆಗಲ ಮೇಲೆಯೇ ಉಳಿದಿದೆ. ಮೊದಲು ಕಾಗದ ಹಿಡಿದು ಅಲೆಯುತ್ತಿದ್ದವರು ಈಗ ಪಿಡಿಎಫ್ ಹಿಡಿದು ಅಲೆಯುತ್ತಿದ್ದಾರೆ.

ನನ್ನ ಪ್ರಸ್ತಾಪ ಇಷ್ಟೇ. ರಾಜ್ಯ ಸರ್ಕಾರದ ಒಂದು ಇಲಾಖೆ ನೀಡಿದ, ಗಣಕೀಕೃತವಾಗಿರುವ ಯಾವ ದಾಖಲೆಯನ್ನೂ ಇನ್ನೊಂದು ಇಲಾಖೆ ಅರ್ಜಿದಾರರಿಂದ ಕೇಳಕೂಡದು. ಕೇಳಿದರೆ ಅದನ್ನು ಸೇವೆಯಲ್ಲಿನ ಲೋಪವೆಂದೇ ಎಣಿಸುವಂತೆ ಸಕಾಲ ಅಧಿನಿಯಮಕ್ಕೆ ತಿದ್ದುಪಡಿ ತರಬೇಕು.

ಇದು ಆಗದ ಮಾತಲ್ಲ. ಜಮೀನು ಕ್ರಯವಾದ ಮೇಲೆ ಖಾತೆ ಬದಲಾವಣೆಗಾಗಿ ಹಿಂದೆ ತಾಲ್ಲೂಕು ಕಚೇರಿಯ ಬೆನ್ನು ಹತ್ತಬೇಕಿತ್ತು; ಈಗ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾದ ಮೇಲೆ ಕ್ರಯದ ವಿವರವಿರುವ ‘ಜೆ ಸ್ಲಿಪ್’ ಕಾವೇರಿಯಿಂದ ನೇರವಾಗಿ ಭೂಮಿಗೆ ಹೋಗಿ ಮ್ಯುಟೇಶನ್ ಪ್ರಕ್ರಿಯೆ ತಾನಾಗಿ ಶುರುವಾಗುತ್ತದೆ. ಸಿಇಟಿ ಅರ್ಜಿ ತುಂಬುವ ವಿದ್ಯಾರ್ಥಿ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ನಮೂದಿಸಿದರೆ, ಅದನ್ನು ಕಂದಾಯ ಇಲಾಖೆಯ ದತ್ತಾಂಶದೊಂದಿಗೇ ತಾಳೆ ನೋಡಲಾಗುತ್ತದೆ. ಅಲ್ಲಿ ಸಾಧ್ಯವಾದದ್ದು ಉಳಿದ ಕಡೆ ಏಕೆ ಆಗಬಾರದು?

ನಿವೃತ್ತ ಶಿರಸ್ತೇದಾರ

ಆಶಯ ಒಳ್ಳೆಯದು. ಆದರೆ ಭೂಮಿ ಯೋಜನೆ ಏಕೆ ಗೆದ್ದಿತು, ಎಲ್ಲಿ ನಿಂತಿತು ಎನ್ನುವುದನ್ನು ಒಳಗಿದ್ದು ನೋಡಿದವನಾಗಿ ಹೇಳಬೇಕಾದ ಮಾತು ಇದೆ.

ಆಗ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು 9,000ದಷ್ಟು ಗ್ರಾಮ ಲೆಕ್ಕಿಗರ ಸುಪರ್ದಿಯಲ್ಲಿದ್ದವು. ಪುಸ್ತಕ ಯಾರ ಕೈಯಲ್ಲಿತ್ತೋ ಅಧಿಕಾರವೂ ಅವರ ಕೈಯಲ್ಲಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ಸಂಸ್ಥೆಯಾದ ಎನ್‌ಐಸಿ ಸಿದ್ಧಪಡಿಸಿದ ತಂತ್ರಾಂಶದೊಂದಿಗೆ ಈ ಕೆಲಸ ನಡೆದಾಗ ಬದಲಾವಣೆ ತಂದದ್ದು ಗಣಕಯಂತ್ರ ಮಾತ್ರವಲ್ಲ. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿತು. ಹಾಗಾಗಿ ಹಳೆಯ ದಾರಿಗೆ ಮರಳುವ ಅವಕಾಶವೇ ಉಳಿಯಲಿಲ್ಲ. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂದು ತಂತ್ರಾಂಶವೇ ಕಟ್ಟುಹಾಕಿತು. ಬೇಕಾದವರ ಕಡತವನ್ನು ಮೇಲೆ ಇಡುವ ಅಭ್ಯಾಸಕ್ಕೆ ಪೆಟ್ಟು ಬಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗಬೇಕಾದ್ದರಿಂದ ಯಾರು ಏನು ತಿದ್ದಿದರು ಎನ್ನುವುದು ದಾಖಲಾಯಿತು. ಕಿಯೋಸ್ಕ್‌ನಲ್ಲಿ ಜನರ ಕಡೆಗೆ ಮುಖಮಾಡಿದ ಇನ್ನೊಂದು ಪರದೆ ಇತ್ತು. ರೈತನು 15 ರೂಪಾಯಿ ಕೊಟ್ಟು, ತನ್ನ ಪಹಣಿ ಮೂಡುವುದನ್ನು ಅದರಲ್ಲಿ ತಾನೇ ನೋಡುತ್ತ ನಿಲ್ಲುತ್ತಿದ್ದ. ಆ ನೋಟ ನನ್ನ ಸೇವಾವಧಿಯ ಹೆಮ್ಮೆಯ ಸಂಗತಿಗಳಲ್ಲಿ ಒಂದು.

ಆದರೆ ಅಂದು ಗಣಕಯಂತ್ರಕ್ಕೆ ಏರಿದ್ದು ಪುಸ್ತಕದಲ್ಲಿ ಇದ್ದದ್ದು, ಹೊಲದಲ್ಲಿ ಇದ್ದದ್ದಲ್ಲ. ಇಂದಿಗೂ ಅನೇಕ ಪಹಣಿಗಳ 9ನೇ ಕಾಲಂನಲ್ಲಿ ಎಂದೋ ತೀರಿಕೊಂಡ ಅಜ್ಜನ ಹೆಸರಿದೆ. ಮೂವರು ಮೊಮ್ಮಕ್ಕಳು ಬಾಯಿಮಾತಿನ ಪಾಲು ಮಾಡಿಕೊಂಡು ಉಳುತ್ತಿರುತ್ತಾರೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಕೆಲಸ, ಆಗಿರುವುದಿಲ್ಲ. ಕೃಷಿ ಇಲಾಖೆ ಆ ಮೂವರನ್ನು ಏನನ್ನೂ ಕೇಳದೆ ಭೂಮಿಯ ದತ್ತಾಂಶವನ್ನಷ್ಟೇ ಓದಿದರೆ, ಅವರಲ್ಲಿ ಒಬ್ಬರೂ ರೈತರಲ್ಲ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಈಗ ಗುಮಾಸ್ತ ವಂಶವೃಕ್ಷ ತನ್ನಿ ಎನ್ನುತ್ತಾನೆ. ಅದು ಕಿರುಕುಳವೇ ಹೌದು, ಆದರೆ ಆ ಕಿರುಕುಳದಲ್ಲಿಯೇ ನಿಜಸ್ಥಿತಿ ಹೊರಬರುವ ಒಂದು ಕಿಂಡಿಯೂ ಇದೆ. ಅದನ್ನು ಮುಚ್ಚುವ ಮೊದಲು ದಾಖಲೆಯನ್ನು ಸರಿಪಡಿಸಬೇಕು.

ಬಯಲುಸೀಮೆ

ನಾನು ಹಳ್ಳಿಯೊಂದರಲ್ಲಿ ನಾಗರಿಕ ಸೇವಾ ಕೇಂದ್ರ ನಡೆಸುತ್ತೇನೆ. ಶಿರಸ್ತೇದಾರರ ಮಾತು ಅರ್ಧ ಸರಿ. ದಾಖಲೆ ಸರಿಯಾದ ಮೇಲೆ ನೋಡೋಣ ಎಂದು ಕಾದರೆ ಈ ಜನ್ಮದಲ್ಲಿ ಆಗುವುದಿಲ್ಲ, ಏಕೆಂದರೆ ದಾಖಲೆ ಸರಿಪಡಿಸಲು ಜನರಿಗೆ ದಾರಿಯೇ ತೋರುತ್ತಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಗುರುತು ಸಿಗಬಾರದೆಂದು ಹೆಸರು ಬದಲಿಸಿದ್ದೇನೆ. ವಿಧವಾ ವೇತನಕ್ಕೆ ಅರ್ಜಿ ಹಾಕಲು ಬಂದ ಅಜ್ಜಿಯ ಹೆಸರು ಆಧಾರ್‌ನಲ್ಲಿ ಗೌರವ್ವ, ಪಡಿತರ ಚೀಟಿಯಲ್ಲಿ ಗೌರಮ್ಮ, ಗಂಡನ ಪಹಣಿಯ ಮೂಲಕ ಬಂದ ಕಾಗದದಲ್ಲಿ ಗೌರಮ್ಮ ಕೋಂ ಬಸಪ್ಪ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಂದು ರೂಪ. ಓಟಿಪಿ ಹೋಗುವ ಮೊಬೈಲ್ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಮಗನ ಜೇಬಿನಲ್ಲಿ. ಆತ ಮಧ್ಯಾಹ್ನ ಊಟಕ್ಕೆ ಕುಳಿತಾಗ ಫೋನ್ ಮಾಡಿ ಸಂಖ್ಯೆ ಹೇಳಬೇಕು. ಅಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತದೆ. ಕೊನೆಗೂ ಒಳಹೊಕ್ಕರೆ ಪರದೆಯ ಮೇಲೆ ಬರುವುದು ‘ಹೆಸರು ಹೊಂದಿಕೆಯಾಗುತ್ತಿಲ್ಲ’ ಎಂಬ ಒಂದು ಸಾಲು. ಯಾವ ದಾಖಲೆಯ ಹೆಸರು ಯಾವುದಕ್ಕೆ ಹೊಂದುತ್ತಿಲ್ಲ, ಯಾವುದನ್ನು ತಿದ್ದಿಸಬೇಕು, ಎಲ್ಲಿಗೆ ಹೋಗಬೇಕು, ಒಂದೂ ಇಲ್ಲ. ಅಜ್ಜಿ ನನ್ನ ಮುಖ ನೋಡುತ್ತಾರೆ, ನಾನು ಪರದೆಯ ಮುಖ ನೋಡುತ್ತೇನೆ.

ಮೊದಲು ಮೇಜಿನ ಆಚೆ ಒಬ್ಬ ಮನುಷ್ಯನಾದರೂ ಇದ್ದ. ‘ಗೌರವ್ವ, ಗೌರಮ್ಮ ಇಬ್ಬರೂ ಒಬ್ಬರೇ’ ಎಂದು ಅಫಿಡವಿಟ್ ಬರೆಸಿ ತಂದರೆ ಒಪ್ಪುತ್ತಿದ್ದ. ಇಲಾಖೆಗಳು ತಮ್ಮತಮ್ಮಲ್ಲಿ ದತ್ತಾಂಶ ಹಂಚಿಕೊಳ್ಳಲಿ, ಸಂತೋಷ. ಆದರೆ ಹೊಂದಿಕೆಯಾಗದಿದ್ದಾಗ ಅದನ್ನು ಸರಿಪಡಿಸುವ ಹೊಣೆ ಯಾರದು ಎನ್ನುವುದನ್ನು ತುಂಗಾತೀರ ಅವರು ಹೇಳಿಲ್ಲ.

ಅಧಿನಿಯಮ

ವೃತ್ತಿಯಿಂದ ವಕೀಲೆ. ಸಕಾಲದ ಬಗ್ಗೆ ಸ್ಪಷ್ಟಪಡಿಸುತ್ತೇನೆ, ಏಕೆಂದರೆ ತಿದ್ದುಪಡಿಯ ಮಾತು ಬಂದಿದೆ.

ಮಧ್ಯಪ್ರದೇಶ 2010ರಲ್ಲಿ ಸೇವಾ ಖಾತರಿ ಕಾನೂನು ತಂದ ಮೇಲೆ ನಮ್ಮಲ್ಲಿ 2011ರ ಅಧಿನಿಯಮ ಬಂತು. 11 ಇಲಾಖೆಗಳ 151 ಸೇವೆಗಳೊಂದಿಗೆ ಆರಂಭವಾಯಿತು. ಅರ್ಜಿ ಸ್ವೀಕರಿಸಿದ ಕೂಡಲೇ 15 ಅಂಕಿಗಳ ಸಂಖ್ಯೆ ಸಿಗುತ್ತದೆ, ಗಡಿಯಾರ ಓಡಲು ಶುರುವಾಗುತ್ತದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಕೇಳುವ ಹಕ್ಕು ಅರ್ಜಿದಾರರಿಗಿದೆ; ತಪ್ಪಿತಸ್ಥ ಅಧಿಕಾರಿಯಿಂದಲೇ ಅದು ವಸೂಲಾಗಬೇಕು. ಮೊತ್ತ ಚಿಕ್ಕದಾದರೂ ಕಲ್ಪನೆ ದೊಡ್ಡದು: ಸೇವೆಯು ಕೃಪೆಯಲ್ಲ, ಹಕ್ಕು ಎಂದು ಕಾನೂನು ಒಪ್ಪಿತು.

ಆದರೆ ಗಡಿಯಾರ ಅಳೆಯುವುದು ವೇಗವನ್ನು ಮಾತ್ರ. ಅವಧಿಯೊಳಗೆ ಅರ್ಜಿಯನ್ನು ತಿರಸ್ಕರಿಸಿದರೂ ಗಡಿಯಾರದ ಲೆಕ್ಕದಲ್ಲಿ ಕೆಲಸ ಮುಗಿದಂತೆಯೇ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ದಾಖಲಿಸಿ ಅರ್ಜಿದಾರರಿಗೆ ತಿಳಿಸಬೇಕೆಂದು ಅಧಿನಿಯಮವೇ ಹೇಳುತ್ತದೆ, ಆದರೂ ನನ್ನ ಬಳಿಗೆ ಬರುವ ಹಿಂಬರಹಗಳಲ್ಲಿ ‘ದಾಖಲೆ ಅಪೂರ್ಣ’ ಎಂಬ ಎರಡೇ ಪದ ಇರುವುದುಂಟು. ಬಯಲುಸೀಮೆ ಅವರು ಹೇಳಿದ ಪರದೆಯ ಸಾಲು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಅರ್ಜಿಯೇ ಸ್ವೀಕಾರವಾಗುವುದಿಲ್ಲ. ಸಂಖ್ಯೆ ಹುಟ್ಟದಿದ್ದರೆ ಗಡಿಯಾರವೂ ಇಲ್ಲ, ಮೇಲ್ಮನವಿಯೂ ಇಲ್ಲ. ಕಾನೂನಿನ ಕಣ್ಣಿಗೆ ಆ ಅಜ್ಜಿ ಏನನ್ನೂ ಕೇಳಿಯೇ ಇಲ್ಲ.

ಇನ್ನೊಂದು ಆತಂಕ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ತೀರ್ಪು ನೀಡಿದೆ. ಎಲ್ಲ ಇಲಾಖೆಗಳ ದತ್ತಾಂಶವನ್ನೂ ಜೋಡಿಸಿದರೆ ಒಬ್ಬ ವ್ಯಕ್ತಿಯ ಜಮೀನು, ಸಾಲ, ಜಾತಿ, ಅಂಗವೈಕಲ್ಯ, ಕುಟುಂಬ ಎಲ್ಲವೂ ಒಬ್ಬ ನೌಕರನ ಮುಂದೆ ತೆರೆದು ನಿಲ್ಲುತ್ತವೆ. ಯಾರು ನೋಡಿದರು, ಏಕೆ ನೋಡಿದರು ಎಂದು ತಿಳಿಯುವ ಬಗೆ ಯಾವುದು?

ತುಂಗಾತೀರ

ಕೊನೆಯ ಪ್ರಶ್ನೆಗೆ ಎಸ್ಟೋನಿಯಾ ಉತ್ತರ ಕಂಡುಕೊಂಡಿದೆ. ಅಲ್ಲಿ 2001ರಿಂದ ಬಳಕೆಯಲ್ಲಿರುವ ಎಕ್ಸ್-ರೋಡ್ ವ್ಯವಸ್ಥೆಯಲ್ಲಿ ದತ್ತಾಂಶವನ್ನು ಒಂದೇ ಕಣಜಕ್ಕೆ ಸುರಿಯುವುದಿಲ್ಲ. ಪ್ರತಿ ಇಲಾಖೆಯ ದಾಖಲೆ ಆ ಇಲಾಖೆಯಲ್ಲಿಯೇ ಇರುತ್ತದೆ, ಬೇಕಾದವರು ಬೇಕಾದಷ್ಟನ್ನು ಮಾತ್ರ ಕೇಳಿ ಪಡೆಯುತ್ತಾರೆ, ಪ್ರತಿಯೊಂದು ವಿನಿಮಯವೂ ದಾಖಲಾಗುತ್ತದೆ. ತಮ್ಮ ಮಾಹಿತಿಯನ್ನು ಯಾವ ಸಂಸ್ಥೆ ನೋಡಿತು ಎನ್ನುವುದನ್ನು ನಾಗರಿಕರೇ ಪರಿಶೀಲಿಸಬಹುದು. ಒಂದೇ ಮಾಹಿತಿಯನ್ನು ಸಂಗ್ರಹಿಸಲು ಎರಡನೆಯ ದತ್ತಸಂಚಯ ಕಟ್ಟುವುದನ್ನು ಅಲ್ಲಿನ ಕಾನೂನು ನಿಷೇಧಿಸಿದೆ.

ಹೊಣೆಯ ಪ್ರಶ್ನೆಗೆ ನನ್ನ ಉತ್ತರ: ಹೊಂದಿಕೆಯಾಗದಿದ್ದರೆ ಅದನ್ನು ಬಗೆಹರಿಸಬೇಕಾದದ್ದು ಸೇವೆ ನೀಡುವ ಇಲಾಖೆಯೇ. ಅರ್ಜಿ ಸ್ವೀಕಾರವಾಗಲೇಬೇಕು, ಸಂಖ್ಯೆ ಹುಟ್ಟಲೇಬೇಕು.

ನಿವೃತ್ತ ಶಿರಸ್ತೇದಾರ

ಎಸ್ಟೋನಿಯಾದ ಜನಸಂಖ್ಯೆ ನಮ್ಮ ಒಂದೆರಡು ತಾಲ್ಲೂಕುಗಳಿಗಿಂತ ಹೆಚ್ಚೇ ಇರಬಹುದು, ಆದರೆ 2011ರ ಜನಗಣತಿಯಂತೆಯೇ ಕರ್ನಾಟಕದವರು 6 ಕೋಟಿಗೂ ಮಿಕ್ಕಿ. ಅಳತೆಯ ವಾದವನ್ನು ಬೆಳೆಸುವುದಿಲ್ಲ. ನಿಜವಾದ ಅಡ್ಡಿ ಬೇರೆ ಇದೆ, ಅದನ್ನು ಹೊರಗಿನವರು ಗಮನಿಸುವುದು ಕಡಿಮೆ.

ಅಧಿಕಾರಿ ಕಾಗದ ಕೇಳುವುದು ಪರದೆಯ ಮೇಲಿನ ಮಾಹಿತಿಯಲ್ಲಿ ನಂಬಿಕೆ ಇಲ್ಲದೆ ಅಲ್ಲ. ಕೆಲವು ವರ್ಷಗಳ ನಂತರ ಲೆಕ್ಕಪರಿಶೋಧನೆಯವರು ಬಂದು ‘ಯಾವ ಆಧಾರದ ಮೇಲೆ ಮಂಜೂರು ಮಾಡಿದಿರಿ’ ಎಂದು ಕೇಳಿದಾಗ ಕಡತದಲ್ಲಿ ತೋರಿಸಲು ಏನಾದರೂ ಇರಬೇಕು. ಪರದೆಯ ಮೇಲಿನ ಮಾಹಿತಿ ಅಷ್ಟರಲ್ಲಿ ಬದಲಾಗಿರುತ್ತದೆ. ಅನರ್ಹರಿಗೆ ಕೊಟ್ಟರೆ ಆಕ್ಷೇಪಣೆ, ವಸೂಲಾತಿ, ಇಲಾಖಾ ವಿಚಾರಣೆ. ಅರ್ಹರಿಗೆ ಕೊಡದಿದ್ದರೆ ಹೆಚ್ಚೆಂದರೆ 500 ರೂಪಾಯಿ. ಈ ತಕ್ಕಡಿ ಹೀಗೆ ವಾಲಿರುವವರೆಗೂ ಯಾವ ತಂತ್ರಾಂಶ ತಂದರೂ ಗುಮಾಸ್ತ ಇನ್ನೊಂದು ಜೆರಾಕ್ಸ್ ಕೇಳುತ್ತಲೇ ಇರುತ್ತಾನೆ.

ಅಧಿನಿಯಮ

ಈ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದ ಮಾತು ಇದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆ ಕೊಟ್ಟಿದೆ, ಸರ್ಕಾರಿ ಕಚೇರಿಗಳಲ್ಲಿ ಅದರ ಬಳಕೆಗೂ ಅವಕಾಶ ಕೊಟ್ಟಿದೆ. ಹಾಗಾಗಿ ನಿರ್ಧಾರದ ಕ್ಷಣದಲ್ಲಿ ಅಧಿಕಾರಿ ನೋಡಿದ ದತ್ತಾಂಶದ ಪ್ರತಿಯನ್ನು ದಿನಾಂಕ, ಸಮಯದ ಸಮೇತ ಕಡತಕ್ಕೆ ಸೇರಿಸಿದರೆ ಅದೇ ಆಧಾರವಾಗಬಲ್ಲದು. ಹಾಗೆ ನಂಬಿ ಮಂಜೂರು ಮಾಡಿದವರಿಗೆ ರಕ್ಷಣೆ ಇದೆ ಎಂದು ಆದೇಶ ಬೇಕು.

ಆದರೆ ಈ ರಕ್ಷಣೆ ಮಂಜೂರು ಮಾಡುವ ನಿರ್ಧಾರಕ್ಕೆ ಮಾತ್ರ ಇರಲಿ, ನಿರಾಕರಿಸುವ ನಿರ್ಧಾರಕ್ಕೆ ಬೇಡ. ಆಸ್ಟ್ರೇಲಿಯಾದಲ್ಲಿ ರೋಬೋಡೆಟ್ ಎಂದೇ ಹೆಸರಾದ ವ್ಯವಸ್ಥೆಯು ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು ಎರಡು ವಾರಗಳ ಅವಧಿಗಳಿಗೆ ಸಮನಾಗಿ ಹಂಚಿ, ಜನರು ಹೆಚ್ಚು ಭತ್ಯೆ ಪಡೆದಿದ್ದಾರೆಂದು ಲೆಕ್ಕ ಹಾಕಿ ಸಾಲದ ನೋಟಿಸು ಕಳುಹಿಸಿತು. ವರ್ಷದಲ್ಲಿ ಕೆಲವೇ ತಿಂಗಳು ದುಡಿದವರ ಪಾಲಿಗೆ ಆ ಲೆಕ್ಕವೇ ಸುಳ್ಳು. ಸಾಲ ಇಲ್ಲವೆಂದು ಸಾಬೀತುಪಡಿಸುವ ಭಾರ ಬಡವರ ಮೇಲೆ ಬಿತ್ತು. 2019ರಲ್ಲಿ ಆ ಕ್ರಮ ಕಾನೂನುಸಮ್ಮತವಲ್ಲವೆಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. 2023ರ ಜುಲೈಯಲ್ಲಿ ವಿಚಾರಣಾ ಆಯೋಗದ ವರದಿ ಹೊರಬಂತು. ಅಲ್ಲಿಯೂ ಎರಡು ಇಲಾಖೆಗಳ ದತ್ತಾಂಶವನ್ನೇ ಜೋಡಿಸಿದ್ದು. ಆದ್ದರಿಂದ ನನ್ನ ಷರತ್ತು: ದತ್ತಾಂಶ ಹೊಂದಿದರೆ ಯಂತ್ರ ‘ಕೊಡಿ’ ಎನ್ನಬಹುದು, ‘ಕೊಡಬೇಡಿ’ ಎನ್ನಬೇಕಾದವರು ಹೆಸರು, ಹುದ್ದೆ ನಮೂದಿಸಿ ಕಾರಣ ಬರೆಯುವ ಒಬ್ಬ ಅಧಿಕಾರಿಯೇ ಆಗಿರಬೇಕು.

ತುಂಗಾತೀರ

ಒಪ್ಪುತ್ತೇನೆ. ವೃದ್ಧಾಪ್ಯ ವೇತನದಲ್ಲಿ ಆಧಾರ್ ಮತ್ತು ಪಡಿತರ ಚೀಟಿಯ ದತ್ತಾಂಶದಿಂದ ಅರ್ಹರನ್ನು ಕಂದಾಯ ಇಲಾಖೆಯೇ ಹುಡುಕಿ ಮಂಜೂರು ಮಾಡುವ ಕ್ರಮ ನಮ್ಮಲ್ಲೇ 2021ರಲ್ಲಿ ಶುರುವಾಗಿತ್ತು. ಅದು ಈ ಷರತ್ತಿಗೆ ಹೊಂದುವ ಮಾದರಿ.

ಬಯಲುಸೀಮೆ

ಹಾಗಾದರೆ ಒಂದು ಕಡೆಯಿಂದ ಆರಂಭಿಸೋಣ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಅದು ‘ಇ-ಜನ್ಮ’ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಅಂದರೆ ಒಬ್ಬ ರೈತ ತೀರಿಕೊಂಡದ್ದು ಸರ್ಕಾರಕ್ಕೆ ಗೊತ್ತು. ಅವನ ಹೆಸರಿನ ಪಹಣಿ ಭೂಮಿಯಲ್ಲಿದೆ, ಹೆಂಡತಿಯ ಹೆಸರು ಪಡಿತರ ಚೀಟಿಯಲ್ಲಿದೆ. ಆದರೂ ಪೌತಿ ಖಾತೆಗೆ ಒಂದು ಅರ್ಜಿ, ವಿಧವಾ ವೇತನಕ್ಕೆ ಇನ್ನೊಂದು ಅರ್ಜಿ, ಎರಡಕ್ಕೂ ಮರಣ ಪ್ರಮಾಣಪತ್ರದ ಪ್ರತಿ ಹಿಡಿದು ಆಕೆಯೇ ಬರಬೇಕು.

ಮರಣ ನೋಂದಣಿಯಾದ ದಿನವೇ ಈ ಎರಡೂ ಕಡತ ತಾವಾಗಿ ತೆರೆದುಕೊಂಡು, ಎರಡಕ್ಕೂ ಸಕಾಲದ ಸಂಖ್ಯೆ ಹುಟ್ಟಿ, ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಮನೆಗೆ ಹೋಗಿ ವಾರಸುದಾರರ ಹೇಳಿಕೆ ಪಡೆಯಲಿ. ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ವಂಶವೃಕ್ಷ ಬರೆಸುವುದು ಹಳ್ಳಿಗಳಲ್ಲಿ ನಡೆಯುತ್ತಲೇ ಇದೆ. ಹಾಗಾಗಿ ಆ ಪಟ್ಟಿಯನ್ನು ಪಂಚಾಯಿತಿಯಲ್ಲಿ ಅಂಟಿಸುವುದರ ಜೊತೆಗೆ, ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಮೊಬೈಲಿಗೂ ಕನ್ನಡದಲ್ಲಿ ಸಂದೇಶ ಹೋಗಲಿ. ಹೆಸರಿನ ವ್ಯತ್ಯಾಸವಿದ್ದರೆ ಅದೇ ಭೇಟಿಯಲ್ಲಿ ತಿದ್ದುಪಡಿಯ ಅರ್ಜಿಯನ್ನೂ ಬರೆದುಕೊಳ್ಳಲಿ. ಇದಕ್ಕೆ ಹೊಸ ಜಾಲತಾಣ ಬೇಕಿಲ್ಲ. ಶಿರಸ್ತೇದಾರರು ಹೇಳಿದ ಸತ್ತ ಅಜ್ಜಂದಿರ ಪಹಣಿಗಳ ಸಾಲಿಗೆ ಈ ವರ್ಷದ ಹೆಸರುಗಳು ಸೇರುವುದಾದರೂ ಇದರಿಂದ ನಿಲ್ಲುತ್ತದೆ. ಹಳೆಯದನ್ನು ಬಗೆಹರಿಸಲು ಎಷ್ಟು ಸಿಬ್ಬಂದಿ ಬೇಕಾದೀತು ಎನ್ನುವುದನ್ನು ಅವರೇ ಅಂದಾಜು ಮಾಡಿ ಹೇಳಿದರೆ ಚರ್ಚೆ ಮುಂದುವರಿಯಬಹುದು.