ಮಗುವಿನ ಫಿಟ್ಸ್ ಔಷಧಿ ತಿಂಗಳ ಖರ್ಚು: ಆಯುಷ್ಮಾನ್ ಕಾರ್ಡ್‌ನಲ್ಲಿ ಸಿಗುತ್ತಾ?

ಪೀಣ್ಯ_ಅಪ್ಪ:
ಮಗಳಿಗೆ 6 ವರ್ಷ, 18 ಕೆಜಿ. ಲೆವೆಟಿರಾಸೆಟಮ್ ಸಿರಪ್ (1 ಎಂಎಲ್‌ಗೆ 100 ಎಂಜಿ) ಬೆಳಿಗ್ಗೆ 2.5, ರಾತ್ರಿ 2.5 ಎಂಎಲ್ ನಡೀತಿದೆ. ಡಾಕ್ಟರು ಸದ್ಯಕ್ಕೆ ನಿಲ್ಲಿಸೋ ಹಾಗಿಲ್ಲ ಅಂದಿದ್ದಾರೆ. ತೋರಿಸ್ತಿರೋದು ಖಾಸಗಿ ಕ್ಲಿನಿಕ್‌ನಲ್ಲಿ. ಎಪಿಎಲ್ ರೇಷನ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡೂ ಮಾಡಿಸಿದೀವಿ. ಮೆಡಿಕಲ್ ಸ್ಟೋರ್‌ನಲ್ಲಿ ಅದು ನಡೆಯಲ್ಲ ಅಂತಾರೆ. ಫ್ಯಾಕ್ಟರಿ ಕೆಲಸ, ಸಂಬಳ 19,000. ಸಹಾಯಕ್ಕೆ ಎಲ್ಲಿ ಕೇಳಬೇಕು?

ಮಲ್ಲೇಶ್ವರದವ:
ಮೆಡಿಕಲ್ ಸ್ಟೋರ್‌ನವರು ಹೇಳಿದ್ದು ಸರಿ ಇದೆ ಸರ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮುಖ್ಯವಾಗಿ ಅಡ್ಮಿಟ್ ಆದಾಗಿನ ಚಿಕಿತ್ಸೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿರೋ ದರ) 30% ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಒಳಗೆ. ತಿಂಗಳ ಸಿರಪ್ ಅದರಲ್ಲಿ ಬರಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಯೂ ಆಪರೇಷನ್ ಥರದ ದೊಡ್ಡ ಬಿಲ್‌ಗೆ ಸರಿ, ತಿಂಗಳ ಔಷಧಿಗಲ್ಲ. ನಿಧಿ ಕೊಡಿಸ್ತೀನಿ ಅಂತ ಕಮಿಷನ್ ಕೇಳೋ ಏಜೆಂಟರ ಹತ್ತಿರ ಹೋಗಲೇಬೇಡಿ.

ನಿಮ್ಮ ಸಂಬಳ ನೋಡಿದರೆ ದಾರಿ ಬೇರೆನೇ ಇದೆ. ಇಎಸ್ಐ ಅಂದರೆ ನೌಕರರ ರಾಜ್ಯ ವಿಮೆ, ಅದಕ್ಕೆ ತಿಂಗಳ ಸಂಬಳದ ಮಿತಿ 21,000. ಪೇ ಸ್ಲಿಪ್ ತೆಗೆದು ನೋಡಿ. 0.75% ಲೆಕ್ಕದಲ್ಲಿ 143 ರೂಪಾಯಿ ಆಸುಪಾಸು ಕಟ್ ಆಗ್ತಿದ್ದರೆ ಮಗಳೂ ಅದರ ಫಲಾನುಭವಿ. ಓಟಿ (ಓವರ್‌ಟೈಮ್ ದುಡ್ಡು) ಸೇರಿಸಿ 21,000 ದಾಟಿದರೆ ಹೆದರಬೇಡಿ, ಮಿತಿ ನೋಡುವಾಗ ಓಟಿ ಲೆಕ್ಕಕ್ಕಿಲ್ಲ. ಮಧ್ಯದಲ್ಲಿ ಇಂಕ್ರಿಮೆಂಟ್ ಆಗಿ ದಾಟಿದರೂ ಆ ಅರ್ಧ ವರ್ಷ (ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್) ಮುಗಿಯೋವರೆಗೆ ಕಟ್ ಆಗ್ತಾ ಇರುತ್ತೆ, ಸೌಲಭ್ಯವೂ ಇರುತ್ತೆ.

ಬಹಳ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲಿ: ದುಡ್ಡು ಕಟ್ ಆಗ್ತಿರುತ್ತೆ, ಆದ್ರೆ ಮಗುವಿನ ಹೆಸರನ್ನೇ ಸೇರಿಸಿರಲ್ಲ. ಎಚ್ಆರ್‌ಗೆ ಮಗುವಿನ ಆಧಾರ್ ಮತ್ತು ಜನನ ಪ್ರಮಾಣಪತ್ರ ಕೊಟ್ಟು ಕುಟುಂಬದ ವಿವರದಲ್ಲಿ ಹಾಕಿಸಿ. ಆಮೇಲೆ ಇ-ಪೆಹಚಾನ್ ಕಾರ್ಡ್ (ಇಎಸ್ಐ ಗುರುತಿನ ಚೀಟಿ) ಹೊಸದಾಗಿ ಪ್ರಿಂಟ್ ತೆಗೆಸಿಕೊಳ್ಳಿ. ಆಧಾರ್‌ನಲ್ಲೂ ಈ ಕಾರ್ಡ್‌ನಲ್ಲೂ ಮಗುವಿನ ಹೆಸರಿನ ಸ್ಪೆಲಿಂಗ್ ಒಂದೇ ಇರಲಿ. ಆ ಕಾರ್ಡ್‌ನಲ್ಲಿ ನಮೂದಾಗಿರೋ ಡಿಸ್ಪೆನ್ಸರಿಗೆ ಮೊದಲು ಹೋಗಿ, ಅಲ್ಲಿಂದ ರಾಜಾಜಿನಗರದ ಇಎಸ್ಐ ಆಸ್ಪತ್ರೆಗೆ ರೆಫರಲ್ ಬರೆಸಿ. ಖಾಸಗಿ ಡಾಕ್ಟರ ಚೀಟಿ, ಇಇಜಿ (ಮೆದುಳಿನ ಪರೀಕ್ಷೆ) ರಿಪೋರ್ಟ್ ತಗೊಂಡು ಹೋಗಿ, ಆದ್ರೆ ಬರೀ ಆ ಚೀಟಿ ತೋರಿಸಿದರೆ ಔಷಧಿ ಸಿಗುತ್ತೆ ಅಂದುಕೊಳ್ಳಬೇಡಿ. ಇಎಸ್ಐ ಡಾಕ್ಟರೇ ಬರೆಯಬೇಕು. ಸ್ಟಾಕ್ ಇಲ್ಲ ಅಂದರೆ ಹೊರಗೆ ಕೊಳ್ಳೋ ಮುಂಚೆ ಚೀಟಿ ಮೇಲೆ ಹಾಗಂತ ಬರೆಸಿ ಸೀಲ್ ಹಾಕಿಸಿ. ಅದಿಲ್ಲದೆ ಆಮೇಲೆ ಬಿಲ್ ಕೊಟ್ಟರೆ ವಾಪಸ್ ಬರೋದು ಕಷ್ಟ.

ಔಷಧಿ_ಅಂಗಡಿ:
ಇಎಸ್ಐ ಸರಿಹೋಗೋವರೆಗೆ ಖರ್ಚು ಇಳಿಸೋ ಬಗ್ಗೆ ಎರಡು ಮಾತು. ದಿನಕ್ಕೆ 5 ಎಂಎಲ್ ಅಂದರೆ 100 ಎಂಎಲ್ ಬಾಟಲ್ 20 ದಿನಕ್ಕೆ ಖಾಲಿ. ಮಗು ನುಂಗುತ್ತೆ ಅಂತಾದರೆ 2.5 ಎಂಎಲ್‌ಗೆ ಸರಿಸಮ 250 ಎಂಜಿ ಮಾತ್ರೆ ಇದೆ, ಸಾಮಾನ್ಯವಾಗಿ ಸಿರಪ್‌ಗಿಂತ ಅಗ್ಗ. ಡಾಕ್ಟರ ಹತ್ತಿರ ಬದಲಾಯಿಸಿ ಬರೆಸಿ. ಸಾದಾ ಮಾತ್ರೆ ಪುಡಿ ಮಾಡಿ ಕೊಡಬಹುದು, ಆದ್ರೆ ಭಾರೀ ಕಹಿ, ಮಗು ಉಗಿದರೆ ಡೋಸ್ ಎಷ್ಟು ಒಳಗೆ ಹೋಯ್ತು ಅಂತಾನೇ ಗೊತ್ತಾಗಲ್ಲ. ಹೆಸರಿನ ಮುಂದೆ ಇಆರ್ ಅಥವಾ ಎಕ್ಸ್ಆರ್ ಅಂತಿದ್ದರೆ (ಔಷಧಿ ನಿಧಾನವಾಗಿ ಬಿಡೋ ಮಾತ್ರೆ) ಪುಡಿ ಮಾಡಲೇಬಾರದು.

ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧಿಯ ಮೂಲ ಹೆಸರು ಬರೆಸಿದರೆ ಜನೌಷಧಿ ಕೇಂದ್ರದಲ್ಲಿ (ಕಮ್ಮಿ ಬೆಲೆಯ ಸರ್ಕಾರಿ ಯೋಜನೆಯ ಔಷಧಿ ಅಂಗಡಿ) ಕೇಳೋದು ಸುಲಭ. 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ಬೆಲೆಯೂ ಹತ್ತಿರದ ಕೇಂದ್ರವೂ ಸಿಗುತ್ತೆ. ಫಿಟ್ಸ್ ಔಷಧಿಯಲ್ಲಿ ತಿಂಗಳಿಗೊಂದು ಕಂಪನಿ ಬದಲಾಯಿಸ್ತಾ ಹೋಗಬೇಡಿ. ಒಂದಕ್ಕೆ ಡಾಕ್ಟರ ಒಪ್ಪಿಗೆ ತಗೊಂಡು ಅದಕ್ಕೇ ಅಂಟಿಕೊಳ್ಳಿ, ಬಾಟಲ್ ಮುಗಿಯೋಕೆ ಒಂದು ವಾರ ಮುಂಚೆನೇ ತನ್ನಿ, ಅಲ್ಲಿ ಸ್ಟಾಕ್ ತಪ್ಪೋದುಂಟು. ದುಡ್ಡು ಉಳಿಸೋಕೆ ಅಂತ ಡೋಸ್ ಕಮ್ಮಿ ಮಾಡೋದು, ಒಂದು ಹೊತ್ತು ಬಿಡೋದು ಬೇಡ. ಥಟ್ಟನೆ ನಿಂತರೆ ಫಿಟ್ಸ್ ಜೋರಾಗಿ ವಾಪಸ್ ಬರಬಹುದು.

ಸವಿತಾ_ಬಿ:
ಮಗುವಿಗೆ ಫಿಟ್ಸ್ ಜೊತೆ ಸೆರೆಬ್ರಲ್ ಪಾಲ್ಸಿ, ಆಟಿಸಂ ಅಥವಾ ಬುದ್ಧಿಮಾಂದ್ಯ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ನೋಡಿ, ವರ್ಷಕ್ಕೆ 1 ಲಕ್ಷದವರೆಗೆ, ಅಡ್ಮಿಟ್ ಆಗದೆ ಕೊಂಡ ಔಷಧಿಗೂ ಒಂದು ಮಿತಿವರೆಗೆ ಕೊಡ್ತಾರೆ. ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಬರೀ ಫಿಟ್ಸ್‌ಗೆ ಬರಲ್ಲ.

ಪೀಣ್ಯ_ಅಪ್ಪ:
ಬರೀ ಫಿಟ್ಸ್ ಅಷ್ಟೇ ಮೇಡಂ. ಸ್ಲಿಪ್‌ನಲ್ಲಿ ಇಎಸ್ಐ ಕಟ್ ಆಗಿದೆ, ಆದ್ರೆ ನಂಬರ್ ಕಾಣ್ತಿಲ್ಲ.

ಮಲ್ಲೇಶ್ವರದವ:
ಎಚ್ಆರ್‌ನಲ್ಲಿ 10 ಅಂಕಿಯ ಇನ್ಶೂರೆನ್ಸ್ ನಂಬರ್ ಕೇಳಿ. 17 ಅಂಕಿ ಇರೋದು ಕಂಪನಿಯ ಕೋಡ್, ಅದನ್ನ ಡಿಸ್ಪೆನ್ಸರಿಯಲ್ಲಿ ಹೇಳಿದರೆ ಉಪಯೋಗ ಇಲ್ಲ.